ಹಗುರ ಇ-ಮೌಂಟನ್ ಬೈಕ್: ತೂಕ ಒಂದೇ ನೋಡಿದರೆ ಸಾಕಾ?

ಪ್ರಶ್ನೆ: ನಾನು ಧಾರವಾಡದವನು. ಎತ್ತರ 168 ಸೆಂ.ಮೀ., ತೂಕ 72 ಕೆ.ಜಿ. ಕೆಲವು ವರ್ಷಗಳಿಂದ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ) ಮೌಂಟನ್ ಬೈಕ್ ಓಡಿಸುತ್ತಿದ್ದೇನೆ. ಕೆಲಗೇರಿ, ಮುಗದ, ಕಲಘಟಗಿ ಕಡೆಯ ಮಣ್ಣುದಾರಿಗಳಲ್ಲಿ ಓಡಾಟ ಜಾಸ್ತಿ, ರಜೆ ಸಿಕ್ಕರೆ ಗದಗಿನ ಕಡೆ. ಈಗ ಹಗುರವಾದ ಇ-ಮೌಂಟನ್ ಬೈಕ್ ತಗೋಬೇಕು ಅಂತಿದ್ದೇನೆ. ಗೆಳೆಯನ 24 ಕೆ.ಜಿ. ಬೈಕ್ ಓಡಿಸಿ ನೋಡಿದೆ. ಏರಿನಲ್ಲಿ ಸೊಗಸಾಗಿತ್ತು, ತಿರುವಿನಲ್ಲಿ ಮಾತೇ ಕೇಳಲಿಲ್ಲ. ಅಂಗಡಿಯವರು ‘ಹಗುರ ಇದ್ದಷ್ಟೂ ಒಳ್ಳೇದು, ತೂಕ ನೋಡಿ ಸಾಕು’ ಅಂತಾರೆ. ಜಾಮೆಟ್ರಿ ಪಟ್ಟಿಯಲ್ಲಿ ಹೆಡ್ ಆ್ಯಂಗಲ್, ರೀಚ್, ಚೈನ್‌ಸ್ಟೇ ಅಂತ ಏನೇನೋ ಇದೆ. ನಮ್ಮ ದಾರಿಗಳಿಗೆ ಇದರಲ್ಲಿ ಯಾವುದು ಮುಖ್ಯ? ಅಮೆರಿಕದಲ್ಲಿರುವ ತಮ್ಮ ಅಲ್ಲಿಂದ ತರುತ್ತೇನೆ ಅಂತಾನೆ. ತರಿಸಬಹುದಾ?

ಉತ್ತರ: ಅಂಗಡಿಯವರ ಮಾತು ಅರ್ಧ ಸರಿ. ಗೆಳೆಯನ ಬೈಕ್ ತಿರುವಿನಲ್ಲಿ ಹಟ ಮಾಡಿದ್ದಕ್ಕೆ ತೂಕವೂ ಕಾರಣ. ಆ ತೂಕ ಎರಡು ಗಾಲಿಗಳ ನಡುವೆ ಎಲ್ಲಿ ಕೂತಿದೆ, ನೀವು ಎಲ್ಲಿ ಕೂತಿದ್ದೀರಿ ಅನ್ನುವುದೂ ಅಷ್ಟೇ ದೊಡ್ಡ ಕಾರಣ. ಜಾಮೆಟ್ರಿ ಪಟ್ಟಿ ಹೇಳುವುದು ಇದನ್ನೇ. ಎಲ್ಲರೂ ಮೊದಲು ನೋಡುವುದು ಹೆಡ್ ಆ್ಯಂಗಲ್. ನಿಮ್ಮ ದಾರಿಗಳಿಗೆ ನಾನು ಮೊದಲು ನೋಡುವುದು ಸೀಟ್ ಆ್ಯಂಗಲ್ (ಸೀಟಿನ ಕಂಬ ಎಷ್ಟು ನೆಟ್ಟಗಿದೆ ಅನ್ನುವ ಅಳತೆ), ಆಮೇಲೆ ಬಾಟಮ್ ಬ್ರಾಕೆಟ್ ಎತ್ತರ (ಪೆಡಲಿನ ನಡು ಅಚ್ಚು ನೆಲದಿಂದ ಎಷ್ಟು ಮೇಲಿದೆ ಅನ್ನುವುದು), ಆಮೇಲೆ ಹಿಂದಿನ ಟೈರಿನ ಸುತ್ತ ಎಷ್ಟು ಜಾಗ ಇದೆ ಅನ್ನುವುದು. ಹೆಡ್ ಆ್ಯಂಗಲ್ ನಾಲ್ಕನೆಯದು.

ಮೊದಲು ತೂಕದ ಲೆಕ್ಕ ಮುಗಿಸೋಣ. ಪೂರ್ತಿ ಶಕ್ತಿಯ ಇ-ಮೌಂಟನ್ ಬೈಕ್ 22ರಿಂದ 26 ಕೆ.ಜಿ. ತೂಗುತ್ತದೆ. ಹಗುರ ಅಂತ ಕರೆಯುವವು 16ರಿಂದ 20ರ ಒಳಗೆ. ನೀವು 72 ಕೆ.ಜಿ. 18 ಕೆ.ಜಿ. ಬೈಕ್ ಮೇಲೆ ಕೂತರೆ ಒಟ್ಟು 90, 24 ಕೆ.ಜಿ. ಬೈಕ್ ಮೇಲೆ ಕೂತರೆ 96. ಅಂದರೆ ಏರು ಹತ್ತುವಾಗ ವ್ಯತ್ಯಾಸ ಶೇ. 7ರಷ್ಟೂ ಇಲ್ಲ. ಆದರೆ ಮೊಣಕೈಯಿಂದ ಬೈಕನ್ನು ಎಡಕ್ಕೆ ಬಲಕ್ಕೆ ಹೊರಳಿಸುವಾಗ, ಮುಂದಿನ ಗಾಲಿ ಎತ್ತುವಾಗ ನೀವು ಆಡಿಸುವುದು ಬರೀ ಬೈಕನ್ನು. ಅಲ್ಲಿ 24 ಅನ್ನುವುದು 18ಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ. ಹಾಗಾಗಿ ಹಗುರ ಬೈಕಿನ ಲಾಭ ಏರಿಗಿಂತ ತಿರುವಿನಲ್ಲಿ, ಇಳಿಜಾರಿನಲ್ಲಿ, ಒಡ್ಡು ದಾಟುವಾಗ ಸಿಗುತ್ತದೆ. ಮಳೆಗಾಲದಲ್ಲಿ ಹಳ್ಳ ಬಂದಾಗ ಬೈಕ್ ಹೆಗಲ ಮೇಲೆ ಹೊತ್ತುಕೊಂಡು ದಾಟಬೇಕಾದರೆ ಆ 6 ಕೆ.ಜಿ. ಎಷ್ಟು ಅಂತ ಗೊತ್ತಾಗುತ್ತದೆ.

ಈ 6 ಕೆ.ಜಿ. ಉಳಿಯುವುದು ಎಲ್ಲಿ? ಹಗುರ ಬೈಕಿನ ಮೋಟರ್ ಸುಮಾರು 2 ಕೆ.ಜಿ. ಇರುತ್ತದೆ. ಟಿಕ್ಯೂ ಕಂಪನಿಯ ಎಚ್‌ಪಿಆರ್50 ಮೋಟರ್ 1.85 ಕೆ.ಜಿ., ಬಾಷ್ ಕಂಪನಿಯ ಎಸ್‌ಎಕ್ಸ್ ಸುಮಾರು 2 ಕೆ.ಜಿ. ಅದೇ ಕಂಪನಿಯ ದೊಡ್ಡ ಸಿಎಕ್ಸ್ ಮೋಟರ್ 3 ಕೆ.ಜಿ. ಹತ್ತಿರ ಬರುತ್ತದೆ. ಮೋಟರಿನಲ್ಲಿ ಉಳಿಯುವುದು ಒಂದೇ ಕೆ.ಜಿ. ಬ್ಯಾಟರಿಯಲ್ಲಿ ಉಳಿಯುವುದು ಅದರ ಎರಡರಷ್ಟು. 360 ವಾಟ್-ಅವರ್ ಬ್ಯಾಟರಿ 2 ಕೆ.ಜಿ. ಒಳಗೆ ಮುಗಿಯುತ್ತದೆ, 750 ವಾಟ್-ಅವರ್‌ನದು 4 ಕೆ.ಜಿ. ದಾಟುತ್ತದೆ. ಉಳಿದದ್ದು ಫ್ರೇಮ್, ಟೈರು, ರಿಮ್ಮಿನಲ್ಲಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮುಂದಿನ ಗಾಲಿ ಎತ್ತುವಾಗ ಬೈಕ್ ತಿರುಗುವುದು ಹಿಂದಿನ ಗಾಲಿಯ ಅಚ್ಚಿನ ಮೇಲೆ. ಮೋಟರ್ ಆ ಅಚ್ಚಿನಿಂದ ಸುಮಾರು 44 ಸೆಂ.ಮೀ. ಮುಂದೆ ಇರುತ್ತದೆ. ಫ್ರೇಮಿನ ಕೆಳಗಿನ ಓರೆ ಕೊಳವೆಯೊಳಗಿನ (ಡೌನ್‌ಟ್ಯೂಬ್) ಬ್ಯಾಟರಿಯ ನಡು ಭಾಗ 60–65 ಸೆಂ.ಮೀ. ಮುಂದೆ ಇರುತ್ತದೆ. ದೂರ ಹೆಚ್ಚಿದಷ್ಟೂ ಎತ್ತುವುದು ಕಷ್ಟ. ಅದಕ್ಕೇ ಬ್ಯಾಟರಿಯಲ್ಲಿ ಉಳಿದ ಒಂದು ಕೆ.ಜಿ., ಮೋಟರಿನಲ್ಲಿ ಉಳಿದ ಒಂದು ಕೆ.ಜಿ.ಗಿಂತ ಕೈಗೆ ಜಾಸ್ತಿ ಗೊತ್ತಾಗುತ್ತದೆ. ನೀರಿನ ಬಾಟಲಿ ಜಾಗಕ್ಕೆ ಸಿಕ್ಕಿಸುವ ಹೆಚ್ಚುವರಿ ಬ್ಯಾಟರಿ ಸುಮಾರು ಒಂದು ಕೆ.ಜಿ. ಇರುತ್ತದೆ, ಅದೂ ಇನ್ನಷ್ಟು ಮೇಲೆ ಕೂರುತ್ತದೆ. ಕೆಲಗೇರಿ ಸುತ್ತಿ ಬರಲಿಕ್ಕೆ ಅದನ್ನು ಹಾಕಿಕೊಂಡು ಹೋಗಬೇಡಿ. ಹಗುರ ಬೈಕ್ ಕೊಂಡ ಉದ್ದೇಶವೇ ಹಾಳಾಗುತ್ತದೆ.

ಚಿಕ್ಕ ಬ್ಯಾಟರಿ ಸಾಲುತ್ತದಾ ಅಂತ ಕೇಳುತ್ತೀರಿ. ಸಾಲುತ್ತದೆ. 90 ಕೆ.ಜಿ. ಭಾರವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 25 ವಾಟ್-ಅವರ್. ಅದರಲ್ಲಿ ಅರ್ಧ ನಿಮ್ಮ ಕಾಲಿನದು. ಮೋಟರಿನಲ್ಲಿ ಬಿಸಿಯಾಗಿ ಹೋಗುವುದು, ಮಣ್ಣಿನ ಹಿಡಿತ, ಎದುರುಗಾಳಿ ಎಲ್ಲ ಸೇರಿಸಿ ಮೋಟರಿನ ಪಾಲನ್ನು ದುಪ್ಪಟ್ಟು ಹಿಡಿದರೂ 360 ವಾಟ್-ಅವರ್‌ನಲ್ಲಿ 1400 ಮೀಟರ್ ಏರು ಸಿಗುತ್ತದೆ. ಧಾರವಾಡದ ಸುತ್ತಮುತ್ತ ಒಂದೊಂದು ಏರೂ ಚಿಕ್ಕದು, ಕಡಿದಾದದ್ದು, ಬೇಗ ಮುಗಿಯುವಂಥದ್ದು. ದಿನವಿಡೀ ತಿರುಗಿದರೂ ಅಷ್ಟು ಏರು ಕೂಡಿಸುವುದು ಸುಲಭವಲ್ಲ. ಗಂಟೆಗಟ್ಟಲೆ ಏರುವ ಆಲ್ಪ್ಸ್‌ನಂಥ ಪರ್ವತಗಳಲ್ಲಿ ದೊಡ್ಡ ಬ್ಯಾಟರಿಗೆ ಅರ್ಥ ಇದೆ.

ಈಗ ಸೀಟ್ ಆ್ಯಂಗಲ್. ಇದನ್ನೇ ನಾನು ಮೊದಲು ಇಡುವುದು ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಕಡಿದಾದ ಏರಿನಲ್ಲಿ ಮೋಟರ್ ತಳ್ಳಿದಾಗ ಮುಂದಿನ ಗಾಲಿ ಮೇಲೇಳುತ್ತದೆ, ಹ್ಯಾಂಡಲ್ ಅತ್ತಿತ್ತ ತೇಲುತ್ತದೆ. ನಿಮ್ಮ ಮೈಭಾರ ಹಿಂದಿನ ಅಚ್ಚಿಗೆ ಹತ್ತಿರ ಇದ್ದಷ್ಟೂ ಇದು ಬೇಗ ಆಗುತ್ತದೆ. ಇದಕ್ಕೆ ಔಷಧ ಅಂತ ಚೈನ್‌ಸ್ಟೇ ಉದ್ದ ಇರುವ ಬೈಕ್ ಹುಡುಕುವವರು ಬಹಳ. ಚೈನ್‌ಸ್ಟೇ ಅಂದರೆ ಪೆಡಲಿನ ನಡು ಅಚ್ಚಿನಿಂದ ಹಿಂದಿನ ಗಾಲಿಯ ಅಚ್ಚಿನವರೆಗಿನ ಅಳತೆ. ಅದು 10 ಮಿ.ಮೀ. ಉದ್ದವಾದರೆ ನೀವು ಹಿಂದಿನ ಅಚ್ಚಿನಿಂದ 10 ಮಿ.ಮೀ. ಮುಂದೆ ಬರುತ್ತೀರಿ, ಅಷ್ಟೇ. ಸೀಟ್ ಆ್ಯಂಗಲ್ 74 ಡಿಗ್ರಿಯಿಂದ 77ಕ್ಕೆ ಏರಿದರೆ? ನಿಮ್ಮ ಎತ್ತರಕ್ಕೆ ಸೀಟು ಪೆಡಲಿನ ನಡು ಅಚ್ಚಿನಿಂದ ಸುಮಾರು 66 ಸೆಂ.ಮೀ. ಮೇಲೆ ಇರುತ್ತದೆ. ಅಷ್ಟು ಎತ್ತರದಲ್ಲಿ 3 ಡಿಗ್ರಿ ಅಂದರೆ ಸೀಟು 35 ಮಿ.ಮೀ.ಗೂ ಜಾಸ್ತಿ ಮುಂದೆ ಬರುತ್ತದೆ. ಸೀಟಿನ ಮೇಲೆ ಕೂತು ಏರುವವನಿಗೆ ಯಾವುದು ದೊಡ್ಡದು ಅಂತ ಹೇಳಬೇಕಿಲ್ಲ ಅಲ್ವಾ?

ಅದರ ಮೇಲೆ ಸಸ್ಪೆನ್ಷನ್ ಬೇರೆ. ನಿಮ್ಮ ಹಾರ್ಡ್‌ಟೇಲ್ ಹಿಂದೆ ಕುಸಿಯುವುದಿಲ್ಲ. 150 ಮಿ.ಮೀ. ಸಸ್ಪೆನ್ಷನ್ ಇರುವ ಬೈಕ್ ನೀವು ಕೂತ ಕೂಡಲೇ ಹಿಂದೆ 45 ಮಿ.ಮೀ. ಕುಸಿಯುತ್ತದೆ. ಏರಿನಲ್ಲಿ ಮುಂದಿನ ಫೋರ್ಕ್ ಮೇಲೆ ಭಾರವೇ ಇಲ್ಲದ್ದರಿಂದ ಅದು ಪೂರ್ತಿ ಎದ್ದು ನಿಂತಿರುತ್ತದೆ. ಹಿಂದೆ ಇಳಿದು ಮುಂದೆ ಎದ್ದ ಬೈಕಿನಲ್ಲಿ ಸೀಟ್ ಆ್ಯಂಗಲ್ ಸುಮಾರು 2 ಡಿಗ್ರಿ ಹಿಂದಕ್ಕೆ ಬೀಳುತ್ತದೆ. ಪಟ್ಟಿಯಲ್ಲಿನ 77 ಏರಿನಲ್ಲಿ 75 ಆಗುತ್ತದೆ. ಪಟ್ಟಿಯಲ್ಲೇ 74 ಇದ್ದರೆ ಏನಾದೀತು ನೋಡಿಕೊಳ್ಳಿ.

ಹಾಗಂತ 78ರ ಮೇಲಿನದ್ದನ್ನು ಹುಡುಕಬೇಡಿ. ಸೀಟು ಮುಂದೆ ಬಂದಷ್ಟೂ ಸಪಾಟು ರಸ್ತೆಯಲ್ಲಿ ಮೈಭಾರ ಅಂಗೈ ಮೇಲೆ ಬೀಳುತ್ತದೆ. ನಮ್ಮಲ್ಲಿ ಮಣ್ಣುದಾರಿ ಮುಟ್ಟುವ ಮೊದಲು ಡಾಂಬರಿನ ಮೇಲೆ ಸಾಕಷ್ಟು ತುಳಿಯಬೇಕು. ಧಾರವಾಡದಿಂದ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಕಡೆ ಹೋದರೂ ಅಷ್ಟೇ, ಕಲಘಟಗಿ ರಸ್ತೆ ಹಿಡಿದರೂ ಅಷ್ಟೇ. ಕಾರಿನ ಮೇಲೆ ಬೈಕ್ ಹೇರಿಕೊಂಡು ಗುಡ್ಡದ ಬುಡಕ್ಕೆ ಹೋಗುವವರಿಗೆ 78 ನಡೆದೀತು. ನಿಮಗೆ 76ರಿಂದ 77 ಹಿತ. ಸೀಟಿನ ಹಳಿಯ ಮೇಲೆ ಮುಂದೆ ಹಿಂದೆ 10 ಮಿ.ಮೀ. ಸರಿಸಿಕೊಳ್ಳುವ ಅವಕಾಶವೂ ಇದೆ.

ರೀಚ್ ಇದರ ಜೊತೆಗೇ ಓದಬೇಕಾದ ಅಳತೆ. ಪೆಡಲ್ ಮೇಲೆ ಎದ್ದು ನಿಂತಾಗ ಹ್ಯಾಂಡಲ್ ಎಷ್ಟು ಮುಂದಿದೆ ಅನ್ನುವುದನ್ನು ಅದು ಹೇಳುತ್ತದೆ. ಕೂತಾಗಿನ ದೂರ ಅದೊಂದರಿಂದಲೇ ಗೊತ್ತಾಗುವುದಿಲ್ಲ. ರೀಚ್ 450, ಸ್ಟ್ಯಾಕ್ (ಪೆಡಲಿನ ನಡು ಅಚ್ಚಿನಿಂದ ಹೆಡ್‌ಟ್ಯೂಬಿನ, ಅಂದರೆ ಹ್ಯಾಂಡಲ್ ಕೂರುವ ಕೊಳವೆಯ, ತುದಿಯವರೆಗಿನ ಎತ್ತರ) 620 ಇರುವ ಫ್ರೇಮ್ ತಗೊಳ್ಳಿ. ಸೀಟ್ ಆ್ಯಂಗಲ್ 77 ಆದರೆ ಕೂತಾಗ ಸೀಟಿನಿಂದ ಮುಂದಿನ ಹೆಡ್‌ಟ್ಯೂಬಿಗೆ 593 ಮಿ.ಮೀ. ಅದೇ ಫ್ರೇಮಿಗೆ 75 ಇದ್ದರೆ 616. ಹಳೆಯ ಬೈಕಿನ ರೀಚ್ ಜೊತೆ ಹೊಸದರ ರೀಚ್ ಹೋಲಿಸಿ ‘ಇದು ನನಗೆ ಉದ್ದವಾಯಿತು’ ಅಂತ ಹೆದರುವವರು ಇದನ್ನು ಗಮನಿಸಿರುವುದಿಲ್ಲ. ನಿಮ್ಮ ಎತ್ತರಕ್ಕೆ 440ರಿಂದ 455 ರೀಚ್ ಸರಿಹೋಗುತ್ತದೆ. ಸಾಮಾನ್ಯವಾಗಿ ಮೀಡಿಯಂ ಸೈಜು, ಕೆಲವು ಕಂಪನಿಗಳಲ್ಲಿ ಸ್ಮಾಲ್.

ಬಾಟಮ್ ಬ್ರಾಕೆಟ್ ಎತ್ತರ ನಮ್ಮ ಕಡೆ ಯಾಕೆ ಮುಖ್ಯ ಅಂದರೆ, ನಾವು ಓಡಿಸುವ ದಾರಿಗಳು ಬೈಕಿಗಾಗಿ ಮಾಡಿದವಲ್ಲ. ಹೊಲದ ದಾರಿ, ಚಕ್ಕಡಿ ದಾರಿ. ಈಗ ಅವುಗಳ ಮೇಲೆ ಟ್ರ್ಯಾಕ್ಟರ್ ಓಡುತ್ತದೆ. ಮಳೆಗಾಲದಲ್ಲಿ ಗಾಲಿ ಕೊರೆದ ಜಾಡು ದೀಪಾವಳಿ ಹೊತ್ತಿಗೆ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಆ ಜಾಡಿನೊಳಗೆ ಇಳಿದರೆ ಎರಡೂ ಪಕ್ಕ ಗೋಡೆ. ಪೆಡಲ್ ಕೆಳಗೆ ಬಂದಾಗ ಗೋಡೆಗೆ ಬಡಿಯುತ್ತದೆ. ಸಾದಾ ಸೈಕಲ್ಲಿನಲ್ಲಾದರೆ ತುಳಿಯುವುದು ನಿಲ್ಲಿಸಿ ತೇಲಿಕೊಂಡು ಹೋಗಬಹುದು. ಇ-ಬೈಕಿನಲ್ಲಿ ತುಳಿಯುವುದು ನಿಂತರೆ ಮೋಟರಿನ ಸಹಾಯವೂ ನಿಲ್ಲುತ್ತದೆ. ಹಾಗಾಗಿ ಎಲ್ಲೆಂದರಲ್ಲಿ ತುಳಿಯುತ್ತಲೇ ಇರುತ್ತೀರಿ, ಬಡಿತವೂ ಜಾಸ್ತಿ.

ಅಳತೆ ಹೀಗೆ. ಪಟ್ಟಿಯಲ್ಲಿ ಬಾಟಮ್ ಬ್ರಾಕೆಟ್ ಎತ್ತರ 345 ಮಿ.ಮೀ. ಅಂತ ಇದೆ ಅನ್ನಿ. ನೀವು ಕೂತಾಗ ನಡುವೆ ಸುಮಾರು 38 ಮಿ.ಮೀ. ಇಳಿಯುತ್ತದೆ. ಕ್ರ್ಯಾಂಕ್ (ಪೆಡಲಿನ ತೋಳು) 170 ಮಿ.ಮೀ. ಆದರೆ, ಪೆಡಲಿನ ಅರ್ಧ ದಪ್ಪ ಕಳೆದು, ಉಳಿಯುವುದು 13 ಸೆಂ.ಮೀ.ಗಿಂತ ಕಡಿಮೆ. ನಿಮ್ಮ ಹಾರ್ಡ್‌ಟೇಲಿನದು ಪಟ್ಟಿಯಲ್ಲಿ 310 ಇದ್ದರೂ ಅದು ಹೆಚ್ಚು ಕುಸಿಯದ ಕಾರಣ ಹೆಚ್ಚೂಕಮ್ಮಿ ಇಷ್ಟೇ ಎತ್ತರ ಸಿಗುತ್ತದೆ. ‘345 ಅಂದರೆ ಬಹಳ ಮೇಲಾಯಿತು’ ಅಂತ ಅನ್ನಿಸಿದರೆ ಈ ಲೆಕ್ಕ ನೆನಪಿಡಿ. ಕ್ರ್ಯಾಂಕ್ 160 ಅಥವಾ 165 ಇರುವುದನ್ನೇ ಕೇಳಿ. ಮೋಟರ್ ಇರುವಾಗ ಗಿಡ್ಡ ಕ್ರ್ಯಾಂಕಿನಿಂದ ಶಕ್ತಿ ಕಡಿಮೆಯಾಯಿತು ಅಂತ ಅನ್ನಿಸುವುದಿಲ್ಲ. ಹಗುರ ಮೋಟರುಗಳು ಬೇಗ ಬೇಗ ತುಳಿದಾಗಲೇ ಚೆನ್ನಾಗಿ ತಳ್ಳುತ್ತವೆ, ಗಿಡ್ಡ ಕ್ರ್ಯಾಂಕ್ ಅದಕ್ಕೆ ಹೊಂದುತ್ತದೆ ಕೂಡ. ಎತ್ತರ ಬದಲಿಸುವ ಫ್ಲಿಪ್ ಚಿಪ್ ಇದ್ದರೆ ನಮ್ಮ ದಾರಿಗಳಿಗೆ ಅದನ್ನು ಮೇಲಿನ ಸ್ಥಾನದಲ್ಲೇ ಇಡಿ. ಸೀಟ್ ಆ್ಯಂಗಲ್ಲೂ ಸ್ವಲ್ಪ ಕಡಿದಾಗುತ್ತದೆ.

ಮೂರನೆಯದು ಹಿಂದಿನ ಟೈರಿನ ಸುತ್ತಲಿನ ಜಾಗ. ಇದು ಯಾವ ಪಟ್ಟಿಯಲ್ಲೂ ಸರಿಯಾಗಿ ಇರುವುದಿಲ್ಲ, ಕಣ್ಣಾರೆ ನೋಡಬೇಕು. ಚೈನ್‌ಸ್ಟೇ ಗಿಡ್ಡ ಮಾಡಿದಷ್ಟೂ ಟೈರು ಮೋಟರಿನ ಬೆನ್ನಿಗೆ ಹತ್ತಿರ ಬರುತ್ತದೆ. ಧಾರವಾಡದ ಪಶ್ಚಿಮಕ್ಕೆ, ದಕ್ಷಿಣಕ್ಕೆ, ಮುಗದ-ಕಲಘಟಗಿ ಕಡೆ ಕೆಂಪು ಮಸಾರಿ, ಗರಸು. ಅಲ್ಲಿ ಏನೂ ತೊಂದರೆ ಇಲ್ಲ. ಪೂರ್ವಕ್ಕೆ ಅಣ್ಣಿಗೇರಿ, ಗದಗ ಅಂತ ಹೊರಟರೆ ಎರಿ ಹೊಲ, ಅಂದರೆ ಕಪ್ಪು ಮಣ್ಣು. ಎರಿ ಮಣ್ಣು ಪೂರ್ತಿ ಹಸಿ ಇದ್ದಾಗ ಯಾವ ಬೈಕೂ ನಡೆಯುವುದಿಲ್ಲ, ಆ ದಿನ ಹೋಗಲೇಬೇಡಿ. ಮೇಲೆ ಒಣಗಿ ಒಳಗೆ ಹಸಿ ಇರುವ ದಿನಗಳೇ ಮೋಸ. ಟೈರಿಗೆ ಒಂದು ಪದರ ಅಂಟುತ್ತದೆ, ಅದರ ಮೇಲೆ ಕಸ, ಕಡ್ಡಿ, ಸಣ್ಣ ಕಲ್ಲು. ಗಾಲಿ ತಿರುಗಿದಂತೆಲ್ಲ ಅದು ಮೋಟರಿನ ಹಿಂದಿನ ಸಂದಿನಲ್ಲಿ ಹೋಗಿ ಗಿಡಿಯುತ್ತದೆ. ಕಾರ್ಬನ್ ಚೈನ್‌ಸ್ಟೇ ಆದರೆ ಒಳಬದಿ ಸವೆಯುತ್ತದೆ. ಅಂಗಡಿಯಲ್ಲಿ 2.4 ಇಂಚಿನ ಟೈರು ಹಾಕಿದ ಗಾಲಿಯ ಎರಡೂ ಪಕ್ಕ, ಮೋಟರಿನ ಹಿಂದೆ ಕಿರುಬೆರಳು ತೂರಿಸಿ ನೋಡಿ. ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಚೈನ್‌ಸ್ಟೇ ಎಷ್ಟೇ ಆಕರ್ಷಕವಾಗಿ ಗಿಡ್ಡ ಇರಲಿ, ಆ ಬೈಕ್ ನಮ್ಮ ಕಡೆಗೆ ಅಲ್ಲ. ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಜೋರು ನೀರನ್ನು ಮೋಟರಿನ ಅಚ್ಚಿಗೆ ಹಿಡಿಯಬೇಡಿ. ಬಕೆಟ್ಟು, ಬ್ರಷ್ಷು ಸಾಕು.

ಚೈನ್‌ಸ್ಟೇ 435ರಿಂದ 442 ಮಿ.ಮೀ. ಇದ್ದರೆ ನಿಮ್ಮ ಸೈಜಿಗೆ ಹದವಾಗಿರುತ್ತದೆ. ಅದಕ್ಕಿಂತ ಉದ್ದ ದೊಡ್ಡ ಮೋಟರಿನವರಿಗೆ ಬೇಕು. 85 ನ್ಯೂಟನ್ ಮೀಟರ್ ತಿರುಚುಬಲ ಒಮ್ಮೆಲೇ ಬಂದರೆ ಮುಂದಿನ ಗಾಲಿಯನ್ನು ನೆಲದ ಮೇಲೆ ಇಡಲಿಕ್ಕೆ ಉದ್ದ ಬೇಕಾಗುತ್ತದೆ. ಹಗುರ ಮೋಟರಿನ ಬಲ ಅಷ್ಟಿಲ್ಲ. 2020ರಲ್ಲಿ ಬಂದ ಸ್ಪೆಷಲೈಸ್ಡ್ ಕಂಪನಿಯ ಲೆವೊ ಎಸ್‌ಎಲ್‌ನದು 35 ಇತ್ತು, ಆಮೇಲೆ ಬಂದ ಮೋಟರಿನಲ್ಲಿ ಅದು 50 ಆಯಿತು. ಟ್ರೆಕ್ ಫ್ಯೂಯೆಲ್ ಇಎಕ್ಸ್‌ಇ ಬೈಕಿನ ಟಿಕ್ಯೂ 50, ಬಾಷ್ ಎಸ್‌ಎಕ್ಸ್ 55, ಫಜುವಾ ರೈಡ್ 60 ಹೆಸರೇ ಹೇಳುವಂತೆ 60.

ಇನ್ನು ಹೆಡ್ ಆ್ಯಂಗಲ್. ಮುಂದಿನ ಫೋರ್ಕ್ ಎಷ್ಟು ವಾಲಿದೆ ಅನ್ನುವ ಅಳತೆ. ಡಿಗ್ರಿ ಕಡಿಮೆಯಾದಷ್ಟೂ ಫೋರ್ಕ್ ಮುಂದಕ್ಕೆ ಚಾಚುತ್ತದೆ. ಸ್ಟಿಯರಿಂಗ್ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಟೈರು ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆಯೋ ಅಷ್ಟು ಹ್ಯಾಂಡಲ್ ತಾನಾಗಿ ನೇರಕ್ಕೆ ಬರಲು ನೋಡುತ್ತದೆ. 29 ಇಂಚಿನ ಗಾಲಿ, 44 ಮಿ.ಮೀ. ಆಫ್‌ಸೆಟ್ (ಸ್ಟಿಯರಿಂಗ್ ಗೆರೆಗಿಂತ ಗಾಲಿಯ ಅಚ್ಚು ಮುಂದಿರುವ ದೂರ) ಇರುವ ಫೋರ್ಕ್ ಹಿಡಿದು ಲೆಕ್ಕ ಮಾಡಿದರೆ, 68 ಡಿಗ್ರಿಗೆ ಆ ದೂರ ಸುಮಾರು 102 ಮಿ.ಮೀ., 66ಕ್ಕೆ 117, 65ಕ್ಕೆ 124. ಇಳಿಜಾರಿನಲ್ಲಿ ವೇಗ ಜಾಸ್ತಿ ಇದ್ದಾಗ ಈ ದೊಡ್ಡ ಸಂಖ್ಯೆ ಧೈರ್ಯ ಕೊಡುತ್ತದೆ. ನಿಧಾನವಾಗಿ ಏರುವಾಗ, ಜಾಲಿ ಗಿಡಗಳ ನಡುವೆ ಚಿಕ್ಕ ತಿರುವು ತಗೊಳ್ಳುವಾಗ ಅದೇ ಹ್ಯಾಂಡಲ್ ಒಂದು ಪಕ್ಕಕ್ಕೆ ಬೀಳುತ್ತದೆ. ನಮ್ಮಲ್ಲಿ ಉದ್ದುದ್ದ ಇಳಿಜಾರು ಕಡಿಮೆ. 64ಕ್ಕೆ ಇಳಿದ ಬೈಕ್ ನಮ್ಮ ದಾರಿಯಲ್ಲಿ ಮುಕ್ಕಾಲು ಹೊತ್ತು ಸುಮ್ನೆ ಎಳೆದಾಡಿಸುತ್ತದೆ. 65.5ರಿಂದ 66 ನನ್ನ ಆಯ್ಕೆ. ಗೆಳೆಯನ ಬೈಕಿನ ಹೆಡ್ ಆ್ಯಂಗಲ್, ಚೈನ್‌ಸ್ಟೇ ಎರಡನ್ನೂ ಅದರ ಪಟ್ಟಿಯಲ್ಲಿ ನೋಡಿ. 64ರ ಹತ್ತಿರ, 445ರ ಮೇಲೆ ಇದ್ದರೆ ತಿರುವಿನ ಹಟದ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಗುರ ಬೈಕಿನ ಇನ್ನೊಂದು ಗುಣ ಮೊದಲೇ ಗೊತ್ತಿರಲಿ. ಗರಸಿನ ಮೇಲೆ ಅದು ಭಾರದ ಬೈಕಿಗಿಂತ ಜಾಸ್ತಿ ನಡುಗುತ್ತದೆ. ಭಾರದ ಬೈಕಿನಲ್ಲಿ ಕಲ್ಲು ಬಡಿದಾಗ ಗಾಲಿ ಮಾತ್ರ ಮೇಲೆ ಹೋಗುತ್ತದೆ, ಫ್ರೇಮ್ ಅಲುಗುವುದಿಲ್ಲ. ಫ್ರೇಮ್ ಹಗುರವಾದಷ್ಟೂ ಗಾಲಿಯ ಜೊತೆ ಅದೂ ಏಳುತ್ತದೆ. ಇದಕ್ಕೆ ಪರಿಹಾರ ಟೈರಿನಲ್ಲಿದೆ. ಆದರೆ ಕಂಪನಿಗಳು ತೂಕ ಕಡಿಮೆ ತೋರಿಸಲು ಮೊದಲು ತೆಳ್ಳಗೆ ಮಾಡುವುದೂ ಟೈರನ್ನೇ. ಗಟ್ಟಿ ಪಕ್ಕದ ಟೈರು ಹಾಕಿಸಿ, ಟ್ಯೂಬ್‌ಲೆಸ್ ಮಾಡಿಸಿ, ತೂತು ಮುಚ್ಚುವ ಸೀಲೆಂಟ್ ದ್ರವ ಹಾಕಿಸಿ. ಬಳ್ಳಾರಿ ಜಾಲಿ ಮುಳ್ಳಿರುವ ಊರಲ್ಲಿ ಇದು ಬಿಟ್ಟರೆ ಬೇರೆ ದಾರಿ ಇಲ್ಲ. ಗಾಳಿ ನಿಮ್ಮ ತೂಕಕ್ಕೆ ಮುಂದೆ 20–22 ಪಿಎಸ್‌ಐ, ಹಿಂದೆ 23–25. ಒಂದರ್ಧ ಕೆ.ಜಿ. ಹೆಚ್ಚಾದರೂ ಪರವಾಗಿಲ್ಲ, ಆ ತೂಕ ನಿಮ್ಮ ಕೈಗಳನ್ನು ಉಳಿಸುತ್ತದೆ. ಹಿಂದಿನ ಶಾಕಿನ ಗಾಳಿಯನ್ನೂ ಅಂಗಡಿಯಲ್ಲೇ ಸರಿಮಾಡಿಸಿಕೊಳ್ಳಿ. ಶಾಕ್ ಮೇಲಿನ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಅಲುಗಾಡದೆ ಹತ್ತಿ ಕೂತು, ಮೆಲ್ಲಗೆ ಇಳಿಯಿರಿ. 55 ಮಿ.ಮೀ. ಸ್ಟ್ರೋಕಿನ, ಅಂದರೆ ಪೂರ್ತಿ ಒತ್ತಿದಾಗ ಅಷ್ಟು ಕುಗ್ಗುವ, ಶಾಕ್ ಆದರೆ ಉಂಗುರ 16 ಮಿ.ಮೀ. ಸರಿದಿರಬೇಕು.

ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಹತ್ತಿರದಲ್ಲಿ ನೆಲಮಾಳಿಗೆ ಪಾರ್ಕಿಂಗ್ ಇರುವ ಕಟ್ಟಡ ಇದ್ದರೆ ಅದರ ಇಳಿಜಾರಿನ ನಡುವೆ ಬೈಕ್ ನಿಲ್ಲಿಸಿ. ಸೀಟಿನ ಮೇಲೆ ಕೂತೇ, ಮೋಟರನ್ನು ಗರಿಷ್ಠಕ್ಕೆ ಇಟ್ಟು, ಮೇಲಕ್ಕೆ ತುಳಿಯಿರಿ. ಮುಂದಿನ ಗಾಲಿ ತೇಲಿದರೆ ಸೀಟು ಮುಂದೆ ಸರಿಸಿ ಇನ್ನೊಮ್ಮೆ ಪ್ರಯತ್ನಿಸಿ. ಆಗಲೂ ತೇಲಿದರೆ ಆ ಫ್ರೇಮ್ ಬಿಡಿ. ಆಮೇಲೆ ಮೋಟರ್ ಆಫ್ ಮಾಡಿ ಸಪಾಟು ರಸ್ತೆಯಲ್ಲಿ ಓಡಿಸಿ. ನಮ್ಮ ನಿಯಮದಲ್ಲಿ ನೋಂದಣಿ, ಲೈಸೆನ್ಸ್ ಬೇಡದ ಇ-ಸೈಕಲ್ ಅಂದರೆ ಮೋಟರ್ 250 ವಾಟ್ ಮಿತಿಯೊಳಗೆ ಇರಬೇಕು, ವೇಗ 25 ಕಿ.ಮೀ. ಮುಟ್ಟಿದಾಗ ಅದರ ಸಹಾಯ ನಿಲ್ಲಬೇಕು. ಡಾಂಬರಿನ ಮೇಲೆ ನೀವು ಆ ವೇಗ ಆಗಾಗ ದಾಟುತ್ತೀರಿ. ಆಗ ಬೈಕ್ ಹಿಡಿದೆಳೆದಂತೆ ಅನ್ನಿಸಬಾರದು.

ತಮ್ಮನ ಕೈಲಿ ತರಿಸುವ ವಿಚಾರ ಬಿಟ್ಟುಬಿಡಿ. 160 ವಾಟ್-ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಅಲ್ಲಿನ ಬೈಕುಗಳ ಮೋಟರ್ ಸಾಮಾನ್ಯವಾಗಿ 32 ಕಿ.ಮೀ. ವೇಗದವರೆಗೆ ತಳ್ಳುತ್ತದೆ, ಅದು ನಮ್ಮ ನಿಯಮಕ್ಕೆ ಹೊಂದುವುದಿಲ್ಲ. ಇಲ್ಲೇ ಕೊಳ್ಳಿ. ಮೋಟರ್ ಕೆಟ್ಟರೆ ಯಾವ ಊರಿಗೆ ಕಳಿಸಬೇಕು, ಎಷ್ಟು ದಿನ ಹಿಡಿಯುತ್ತದೆ, ಸಾಗಣೆ ಖರ್ಚು ಯಾರದು ಅಂತ ಬರೆಸಿಕೊಳ್ಳಿ. ಬ್ಯಾಟರಿ ಹೊರಗೆ ತೆಗೆಯಲು ಬರುತ್ತದಾ ಅಂತಲೂ ಕೇಳಿ. ಲೆವೊ ಎಸ್‌ಎಲ್‌ನಂಥ ಬೈಕಿನಲ್ಲಿ ಅದು ಫ್ರೇಮಿನೊಳಗೇ ಇರುತ್ತದೆ. ಫ್ರೇಮಿಗೆ ಬಾಗಿಲು ಕೊರೆಯದ ಕಾರಣ ಹಗುರ, ಗಟ್ಟಿ ಎರಡೂ ಆಗುತ್ತದೆ, ಆದರೆ ಚಾರ್ಜ್ ಮಾಡಲು ಬೈಕನ್ನೇ ಪ್ಲಗ್ಗಿನ ಹತ್ತಿರ ಒಯ್ಯಬೇಕು. ನಿಮ್ಮ ಮನೆ ಮೇಲಿನ ಮಹಡಿಯಲ್ಲಿದ್ದರೆ ಇದನ್ನು ಯೋಚಿಸಿಯೇ ಮುಂದುವರಿಯಿರಿ.

ಗದಗಿನ ಕಡೆ ಹೋಗುತ್ತೀರಿ ಅಂದಿರಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಗುಡ್ಡದೊಳಗಿನ ಕಾಲುದಾರಿಗೆ ಬೈಕ್ ಇಳಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆ ಸಿಕ್ಕ ದಾರಿಯಲ್ಲಷ್ಟೇ ಹೋಗಿ.